ಯಾರು ಜೋಡಿಸಿಟ್ಟದ್ದು?

ಮದುವೆಯಾಗಿ ಹೋದ ಹೆಣ್ಣಿಗೆ ಗಂಡನ ಮನೆಯ ಜನರನ್ನು ಅರಿಯಲು ವರ್ಷಗಳೇ ಬೇಕು. ಆ ಮನೆಯ ಅಡುಗೆಮನೆಯನ್ನು ಅರಿಯಲು ಎರಡು ದಿನ ಸಾಕು. ಬೆಲ್ಲ ಎಲ್ಲಿದೆ, ಶೇಂಗಾ ಹಿಂಡಿಯ ಡಬ್ಬಿ ಯಾವುದು ಎಂದು ಕೇಳುತ್ತ ಕೇಳುತ್ತ ಆಕೆಗೆ ಇನ್ನೊಂದು ಸಂಗತಿಯೂ ತಿಳಿಯುತ್ತದೆ. ಉಪ್ಪು, ಖಾರ ಕೈಗೆಟಕುವ ಮಾಡದಲ್ಲಿವೆ. ತುಪ್ಪದ ಗಡಿಗೆ ಮಾತ್ರ ಮೇಲೆ ನೆಲುವಿನಲ್ಲಿ ತೂಗುತ್ತಿದೆ. 'ತುಪ್ಪ ಮುಟ್ಟಬೇಡ' ಎಂದು ಯಾರೂ ಆಕೆಗೆ ಹೇಳಿರುವುದಿಲ್ಲ. ಹೇಳುವ ಅಗತ್ಯವೇ ಬಿದ್ದಿರುವುದಿಲ್ಲ. ನಾಲ್ಕು ಜನರ ಎದುರಿಗೆ ಮಣೆಯ ಮೇಲೆ ಮಣೆ ಹಾಕಿಕೊಂಡು ಹತ್ತಿ ತೆಗೆಯಬೇಕಾದ ವಸ್ತುವನ್ನು ಹೊಸ ಸೊಸೆ ತೆಗೆಯಲಾರಳೆಂಬುದು ಇಟ್ಟವರಿಗೆ ಗೊತ್ತು. ಏಕೆ ಅಷ್ಟು ಮೇಲಿಟ್ಟಿರಿ ಎಂದು ಕೇಳಿದರೆ ಬೆಕ್ಕಿನ ಹೆಸರು ಹೇಳುತ್ತಾರೆ.

ಒಂದು ವಸ್ತುವನ್ನು ಎಲ್ಲಿಡುತ್ತೇವೆ ಎಂಬುದೂ ಒಂದು ಮಾತೇ. ಬಾಯಿಬಿಟ್ಟು ಆಡಿದ ಮಾತಿಗೆ ಎದುರು ಮಾತಾಡಬಹುದು. ಇಟ್ಟ ಜಾಗಕ್ಕೆ ಎದುರಾಡುವುದು ಕಷ್ಟ. ಹಾಗಾದರೆ, ಇನ್ನೊಬ್ಬರು ಬಳಸುವ ವಸ್ತುಗಳನ್ನು ಜೋಡಿಸಿಡುವ ಕೆಲಸ ನಮ್ಮ ಕೈಗೆ ಬಂದಾಗ ಅದನ್ನು ಹೇಗೆ ಮಾಡಬೇಕು? ಇದು ಅಚ್ಚುಕಟ್ಟಿನ ಪ್ರಶ್ನೆ ಮಾತ್ರವೇ, ಅಥವಾ ನ್ಯಾಯದ ಪ್ರಶ್ನೆಯೂ ಹೌದೇ?

ಇಂಥ ಪ್ರಶ್ನೆ ನನ್ನ ತಲೆಯೊಳಗೆ ಹೊಕ್ಕದ್ದು ಅಡುಗೆಮನೆಯಿಂದಲ್ಲ, ಒಂದು ಹಳೆಯ ಕಂಪ್ಯೂಟರಿನಿಂದ. ನನ್ನ ತವರು ಯಾದಗಿರಿ ಜಿಲ್ಲೆಯ ಕಡೇಚೂರು. ಒಂದು ಕಾಲಕ್ಕೆ ತೊಗರಿ, ಹತ್ತಿ, ಜೋಳದ ಹೊಲಗಳ ಊರು. ಈಗ ಕಡೇಚೂರು–ಬಾಡಿಯಾಳ ಕೈಗಾರಿಕಾ ಪ್ರದೇಶ ಎಂದರೆ ಹೊರಗಿನವರಿಗೂ ಗುರುತು ಸಿಗುತ್ತದೆ. ಅಲ್ಲಿಯ ನಮ್ಮ ಓಣಿಯ ಹೆಂಗಸರ ಸ್ವಸಹಾಯ ಸಂಘಕ್ಕೆ ಯಾರೋ ಬಳಸಿ ಬಿಟ್ಟ ಒಂದು ಕಂಪ್ಯೂಟರು ಬಂತು. ಬೆಂಗಳೂರಿನಲ್ಲಿ ಕೆಲಸಕ್ಕಿರುವ ನನ್ನ ಅಣ್ಣನ ಮಗ ರಜೆಗೆ ಬಂದವನು ಅದನ್ನು ಸರಿಮಾಡಿ, ಲಿನಕ್ಸ್ ಹಾಕಿದ. ಕನ್ನಡದ ಹೆಸರುಗಳನ್ನು ನೋಡಿಕೊಡಲು ಸುರಪುರದಿಂದ ನನ್ನನ್ನು ಕರೆಸಿಕೊಂಡ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಹೇಳಿದವಳು ನಾನು. ಇಷ್ಟಕ್ಕಾದರೂ ಉಪಯೋಗಕ್ಕೆ ಬಂದೆನಲ್ಲ ಎಂದು ಹೊರಟೆ.

ಲಿನಕ್ಸ್ ಎಂಬುದು ಮುಕ್ತ ತಂತ್ರಾಂಶ. ದುಡ್ಡು ಕೊಡಬೇಕಿಲ್ಲ ಎಂಬುದು ಅದರ ಸಣ್ಣ ಗುಣ. ದೊಡ್ಡ ಗುಣವೆಂದರೆ, ಅದನ್ನು ಹೇಗೆ ಬರೆದಿದ್ದಾರೆಂಬ ಮೂಲ ಬರಹವನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ತಿದ್ದಿದ್ದನ್ನು ಹಂಚಬಹುದು. ಹೋಳಿಗೆಯ ಜೊತೆಗೆ ಹೋಳಿಗೆ ಮಾಡುವ ಬಗೆಯನ್ನೂ ಬರೆದುಕೊಟ್ಟಂತೆ. ಇಂಥ ಕಂಪ್ಯೂಟರಿನ ಪರದೆಯ ಮೂಲೆಯಲ್ಲಿ ಒಂದು ಗುಂಡಿ ಇರುತ್ತದೆ. ಒತ್ತಿದರೆ ಒಳಗಿರುವ ತಂತ್ರಾಂಶಗಳ ಪಟ್ಟಿ ತೆರೆದುಕೊಳ್ಳುತ್ತದೆ. ಅದೇ ಮೆನು. ಹೋಟೆಲಿನ ಮೆನು ಎಂದರೆ ನಮಗೆಲ್ಲ ಗೊತ್ತಲ್ಲ, ಅದೇ ಅರ್ಥ. ಏನೇನು ಇದೆಯೆಂದು ಅದರಲ್ಲಿ ಬರೆದಿದ್ದರೆ ಮಾತ್ರ ನಾವು ಕೇಳುತ್ತೇವೆ.

ವಿಂಡೋಸ್ 95 ತನ್ನ 'ಸ್ಟಾರ್ಟ್' ಗುಂಡಿಯೊಂದಿಗೆ ಬಂದದ್ದು 1995ರಲ್ಲಿ. ಮುಕ್ತ ತಂತ್ರಾಂಶದವರು ತಮ್ಮದೇ ಪರದೆಯ ಏರ್ಪಾಡುಗಳನ್ನು ಕಟ್ಟಲು ಹೊರಟದ್ದು ಅದರ ಬೆನ್ನಿಗೇ: 1996ರಲ್ಲಿ ಕೆಡಿಇ, 1997ರಲ್ಲಿ ಗ್ನೋಮ್. ಎರಡೂ ಬೇರೆ ಬೇರೆ ಮನೆಗಳು, ಬೇರೆ ಬೇರೆ ಅಡುಗೆಮನೆಗಳು. ಒಂದು ಮನೆಗಾಗಿ ಮಾಡಿದ ತಂತ್ರಾಂಶ ಇನ್ನೊಂದು ಮನೆಯಲ್ಲಿ ಎಲ್ಲಿ ಕುಳಿತುಕೊಳ್ಳಬೇಕು? 2000ದಲ್ಲಿ ಫ್ರೀಡೆಸ್ಕ್‌ಟಾಪ್ ಎಂಬ ಹೆಸರಿನಲ್ಲಿ ಎರಡೂ ಕಡೆಯವರಿಗೆ ಒಂದು ಕಟ್ಟೆ ಸಿಕ್ಕಿತು. ಅಲ್ಲಿ ಕೂತು ಬರುಬರುತ್ತ ಕೆಲವು ಕರಾರುಗಳಿಗೆ ಬಂದರು. ಪ್ರತಿ ತಂತ್ರಾಂಶವೂ ತನ್ನ ಬಗ್ಗೆ ನಾಲ್ಕು ಸಾಲಿನ ಒಂದು ಚೀಟಿ ಇಟ್ಟುಕೊಂಡು ಬರಬೇಕು. ತನ್ನ ಹೆಸರೇನು, ತಾನು ಮಾಡುವ ಕೆಲಸವೇನು, ತಾನು ಯಾವ ಗುಂಪಿಗೆ ಸೇರಿದ್ದು ಎಂಬುದನ್ನು ಆ ಚೀಟಿ ಹೇಳಬೇಕು. ಕಛೇರಿ, ಶಿಕ್ಷಣ, ಆಟ, ಚಿತ್ರ, ಅಂತರ್ಜಾಲ, ಧ್ವನಿ–ದೃಶ್ಯ, ಸಿದ್ಧತೆಗಳು ಎಂದು ಹನ್ನೆರಡು–ಹದಿಮೂರು ಮುಖ್ಯ ಗುಂಪುಗಳು. ಇಡೀ ಲೋಕದ ಜನ ಕಂಪ್ಯೂಟರಿನಲ್ಲಿ ಮಾಡಬಹುದಾದದ್ದೆಲ್ಲ ಈ ಡಬ್ಬಿಗಳಲ್ಲಿ ಹಿಡಿಯಬೇಕು!

ಮೊದಲ ತಕರಾರು ಹೆಸರಿನದು. ತಂತ್ರಾಂಶ ಕಟ್ಟಿದವರು ಅದಕ್ಕೆ ಮಗುವಿಗೆ ಹೆಸರಿಟ್ಟಂತೆ ಮುದ್ದಿನ ಹೆಸರು ಇಟ್ಟಿರುತ್ತಾರೆ. ಕೆಡಿಇಯವರಿಗೆ 'ಕೆ' ಅಕ್ಷರದ ಮೇಲೆ ಪ್ರೀತಿ: ಕೇಟ್, ಕಾಂಕರರ್, ಕೆಟರ್ಟಲ್, ಕಾಲ್ಜಿಯಂ. ಅಕಾರಾದಿಯಲ್ಲಿ ಜೋಡಿಸಿದರೆ ಅರ್ಧ ಊರೇ 'ಕೆ' ಓಣಿಯಲ್ಲಿ! ಹೆಸರು ಕೇಳಿದರೆ ಕೆಲಸ ತಿಳಿಯುವುದಿಲ್ಲ. ಕಾಲ್ಜಿಯಂ ಎಂದರೆ ರಸಾಯನಶಾಸ್ತ್ರದ ಮೂಲವಸ್ತುಗಳ ಕೋಷ್ಟಕವೆಂದು ಯಾರಿಗೆ ಹೊಳೆಯಬೇಕು? ಅದಕ್ಕೇ ಆ ಚೀಟಿಯಲ್ಲಿ ಎರಡು ಸಾಲು ಇಟ್ಟರು. ಒಂದರಲ್ಲಿ ಸ್ವಂತ ಹೆಸರು, ಇನ್ನೊಂದರಲ್ಲಿ ಕೆಲಸದಿಂದ ಬಂದ ಸಾಮಾನ್ಯ ಹೆಸರು.

ಇದನ್ನು ಅಣ್ಣನ ಮಗ ವಿವರಿಸಿದಾಗ ನನಗೆ ನಗು ಬಂತು. ನಮ್ಮ ಕಡೆ ಹೆಂಗಸರಿಗೆ ಈ ಎರಡನೆಯ ಸಾಲು ಮಾತ್ರ ಇರುತ್ತದೆ. ಮಾಸ್ತರ ಹೆಂಡತಿ, ಕುಲಕರ್ಣಿಯವರ ಸೊಸೆ, ಪಿಂಚಣಿ ಮುದುಕಿ, ಹಾಲಿನವಳು. ನಾಲ್ವತ್ತು ವರ್ಷ ಒಂದೇ ಓಣಿಯಲ್ಲಿದ್ದರೂ ಸ್ವಂತ ಹೆಸರು ಗೊತ್ತಿರುವುದಿಲ್ಲ. ಮತದಾರರ ಪಟ್ಟಿ ಓದುವಾಗ 'ಹೌದೇನು, ನಿಮ್ಮ ಹೆಸರು ಇದೇನು?' ಎಂದು ಆಶ್ಚರ್ಯಪಡುತ್ತೇವೆ. ತಂತ್ರಾಂಶಕ್ಕಾದರೋ ಸ್ವಂತ ಹೆಸರು ಮೆರೆದು, ಕೆಲಸ ಮರೆಯಾಯಿತೆಂಬ ಕಷ್ಟ. ನಮ್ಮದು ಅದಕ್ಕೆ ತಿರುಗುಮುರುಗು. ಯಾವ ಹೆಸರು ಮೊದಲು ಕಾಣಬೇಕೆಂದು ಕೆಡಿಇಯಲ್ಲಿ ಬಳಸುವವರೇ ಆರಿಸಿಕೊಳ್ಳಬಹುದಂತೆ. ಆ ಅನುಕೂಲ ನಮಗೂ ಇದ್ದಿದ್ದರೆ!

ಆ ಚೀಟಿಯಲ್ಲಿ ಇನ್ನೂ ಒಂದು ಸೌಜನ್ಯವಿದೆ. ಪ್ರತಿ ಹೆಸರಿನ ಕೆಳಗೆ ಅದೇ ಹೆಸರನ್ನು ಬೇರೆ ಬೇರೆ ಭಾಷೆಗಳಲ್ಲಿ ಬರೆಯಲು ಜಾಗ. ಕನ್ನಡದ ಸಾಲೂ ಅದರಲ್ಲಿ ಒಂದು. ಕನ್ನಡ ಬಲ್ಲ ಕೆಲವರು ಬಿಡುವಿನ ವೇಳೆಯಲ್ಲಿ ಕೂತು ಗ್ನೋಮ್, ಕೆಡಿಇಗಳ ಸಾವಿರಾರು ಸಾಲುಗಳನ್ನು ಕನ್ನಡಕ್ಕೆ ತಂದಿದ್ದಾರೆ. 'ಅಪ್ಲಿಕೇಶನ್' ಎಂಬುದಕ್ಕೆ 'ಅನ್ವಯ' ಎಂದರು, 'ಫೈಲ್'ಗೆ 'ಕಡತ' ಎಂದರು. ಕನ್ನಡಕ್ಕೆ ಬಂದ ಕೂಡಲೆ ಒಂದು ತಮಾಷೆ ನಡೆಯುತ್ತದೆ. ಪಟ್ಟಿ ಅಕಾರಾದಿಯಲ್ಲಿರುವುದರಿಂದ, ಇಂಗ್ಲಿಷಿನಲ್ಲಿ ಕೆಳಗಿದ್ದದ್ದು ಮೇಲೆ ಬರುತ್ತದೆ, ಮೇಲಿದ್ದದ್ದು ಕೆಳಗೆ ಹೋಗುತ್ತದೆ. ಇಂಗ್ಲಿಷಿನ 'ಗೇಮ್ಸ್' ಪಟ್ಟಿಯ ನಡುವೆ ಎಲ್ಲೋ ಇದ್ದದ್ದು ಕನ್ನಡದಲ್ಲಿ 'ಆಟಗಳು' ಎಂದಾಗಿ ತುದಿಗೆ ಏರುತ್ತದೆ. ಹೀಗಾಗಿ, 'ಅಕಾರಾದಿ ಎಂದರೆ ಪಕ್ಷಪಾತವಿಲ್ಲದ ಜೋಡಣೆ' ಎಂಬ ಮಾತನ್ನು ನಾನು ಒಪ್ಪಲಾರೆ. ಯಾವ ಭಾಷೆಯ ಅಕಾರಾದಿ ಎಂಬ ಪ್ರಶ್ನೆ ಅಲ್ಲೇ ಕೂತಿರುತ್ತದೆ. ಯಾವುದೋ ಒಂದು ಮೇಲೆ ಬರಲೇಬೇಕು, ಯಾವುದೋ ಒಂದು ಕೆಳಗೆ ಹೋಗಲೇಬೇಕು. ಜೋಡಿಸುವವರು 'ನಾನು ಏನೂ ತೀರ್ಮಾನ ಮಾಡಿಲ್ಲ' ಎಂದು ಕೈ ತೊಳೆದುಕೊಳ್ಳಲು ಬರುವುದಿಲ್ಲ.

ಎಲ್ಲ ಪಟ್ಟಿಗಳ ಕೊನೆಗೂ ಒಂದು ಡಬ್ಬಿ ಇರುತ್ತದೆ: 'ಇತರೆ'. ಗುಂಪಿನ ಹೆಸರಿಲ್ಲದೆ ಬಂದ ತಂತ್ರಾಂಶಗಳನ್ನು ಗ್ನೋಮ್‌ನ ಪಟ್ಟಿ ಅದಕ್ಕೆ ಹಾಕುತ್ತದೆ. ಕೆಡಿಇಯವರು ಆ ಡಬ್ಬಿಗೆ ಇನ್ನೂ ಮಾರ್ಮಿಕವಾದ ಹೆಸರಿಟ್ಟಿದ್ದಾರೆ. ಅದರ ಅರ್ಥ 'ಕಳೆದುಹೋಗಿ ಸಿಕ್ಕವು' ಎಂದು. ರೈಲು ನಿಲ್ದಾಣದಲ್ಲಿ ಬಿಟ್ಟುಹೋದ ಛತ್ರಿ, ಚಪ್ಪಲಿಗಳನ್ನು ಇಡುವ ಕೋಣೆಯ ಹೆಸರು!

ಈ 'ಇತರೆ'ಯ ಬಗ್ಗೆ ಹೆಂಗಸರಾದ ನಮಗೆ ಯಾರೂ ಪಾಠ ಹೇಳಬೇಕಿಲ್ಲ. 2011ರ ಜನಗಣತಿಯಲ್ಲಿ ದುಡಿಯುವವರನ್ನು ನಾಲ್ಕು ಡಬ್ಬಿಗೆ ಹಾಕಿದ್ದರು: ಸಾಗುವಳಿದಾರರು, ಕೃಷಿ ಕೂಲಿಕಾರರು, ಗೃಹ ಕೈಗಾರಿಕೆಯವರು, ಇತರೆ ಕೆಲಸಗಾರರು. ಶಾಲೆಯ ಶಿಕ್ಷಕಿ, ಕಾರ್ಖಾನೆಯ ಕಾರ್ಮಿಕ, ಸರ್ಕಾರಿ ನೌಕರ ಎಲ್ಲ 'ಇತರೆ'. ಮೂವತ್ತು ವರ್ಷ ಪಾಠ ಹೇಳಿದ ನಾನೂ 'ಇತರೆ'. ಅದಾದರೂ ವಾಸಿ. ಮನೆಯಲ್ಲಿ ಅಡುಗೆ ಮಾಡಿ, ನೀರು ಹೊತ್ತು, ಮಕ್ಕಳನ್ನು ಸಾಕಿ, ಮುದುಕರನ್ನು ನೋಡಿಕೊಳ್ಳುವವಳು ಆ ನಾಲ್ಕು ಡಬ್ಬಿಗಳಲ್ಲಿ ಎಲ್ಲಿಯೂ ಇಲ್ಲ. ಆಕೆ 'ಕೆಲಸ ಮಾಡದವರು' ಎಂಬ ಗುಂಪಿನಲ್ಲಿ, 'ಮನೆಗೆಲಸ' ಎಂಬ ಉಪಗುಂಪಿನಲ್ಲಿ ಇದ್ದಾಳೆ. 2001ರ ಗಣತಿಯಲ್ಲಿ ಮನೆಬಳಕೆಗೆ ಹೈನ ಮಾಡುವುದನ್ನೂ ಕೆಲಸವೆಂದು ಲೆಕ್ಕಕ್ಕೆ ತೆಗೆದುಕೊಂಡರು. ಸಂತೋಷವೇ. ಆದರೆ ಎಮ್ಮೆಯ ಹಾಲು ಕರೆದರೆ ಕೆಲಸ, ಆ ಹಾಲನ್ನು ಕಾಯಿಸಿ ಹೆಪ್ಪು ಹಾಕಿದರೆ ಕೆಲಸವಲ್ಲ ಎಂಬ ಗೆರೆಯನ್ನು ಎಳೆದ ಕೈಗೆ ಒಲೆಯ ಬಿಸಿ ತಾಗಿರಲಿಕ್ಕಿಲ್ಲ.

ಪುಸ್ತಕಗಳಿಗೂ ಈ ಪಾಡು ತಪ್ಪಿಲ್ಲ. ಅಮೆರಿಕದ ಮೆಲ್ವಿಲ್ ಡ್ಯೂಯಿ 1876ರಲ್ಲಿ ಮಾಡಿದ ದಶಮಾಂಶ ವರ್ಗೀಕರಣವನ್ನು ಎಷ್ಟೋ ಗ್ರಂಥಾಲಯಗಳು ಬಳಸುತ್ತವೆ. ಅದರಲ್ಲಿ ಧರ್ಮಕ್ಕೆ ಕೊಟ್ಟ ಮನೆ 200ರಿಂದ 299. ಅದರ ಬಹುಪಾಲು, ಎಂದರೆ 220ರಿಂದ 289ರವರೆಗೆ, ಬೈಬಲ್ಲಿಗೂ ಕ್ರೈಸ್ತ ಧರ್ಮಕ್ಕೂ ಮೀಸಲು. ಲೋಕದ ಉಳಿದೆಲ್ಲ ಧರ್ಮಗಳಿಗೆ ಸೇರಿ ಕೊನೆಯ 290ರ ಸಾಲು. ಡ್ಯೂಯಿಗೆ ಯಾರ ಮೇಲೂ ಹಗೆ ಇದ್ದಿರಬೇಕೆಂದಿಲ್ಲ. ತಾನು ನಿಂತ ಜಾಗದಿಂದ ಯಾವುದು ಹತ್ತಿರ ಕಂಡಿತೋ ಅದಕ್ಕೆ ಹೆಚ್ಚು ಕಪಾಟು ಕೊಟ್ಟ. ನಮ್ಮವರೇ ಆದ ಎಸ್.ಆರ್. ರಂಗನಾಥನ್ ಅವರು 1933ರಲ್ಲಿ ಬೇರೆಯದೇ ಒಂದು ವರ್ಗೀಕರಣ ಹೊರತಂದರು. ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದು 1972ರಲ್ಲಿ ಅಲ್ಲಿಯೇ ತೀರಿಕೊಂಡ ಅವರು, 1931ರಲ್ಲೇ ಗ್ರಂಥಾಲಯಕ್ಕೆ ಐದು ಸೂತ್ರಗಳನ್ನು ಬರೆದಿದ್ದರು. ಪುಸ್ತಕ ಇರುವುದು ಬಳಕೆಗೆ, ಪ್ರತಿ ಓದುಗನಿಗೂ ಅವನ ಪುಸ್ತಕ ಸಿಗಬೇಕು, ಪ್ರತಿ ಪುಸ್ತಕಕ್ಕೂ ಅದರ ಓದುಗ ಸಿಗಬೇಕು ಎಂಬವು ಮೊದಲ ಮೂರು. ಓದುಗನ ಸಮಯ ಉಳಿಸಬೇಕೆಂಬುದು ನಾಲ್ಕನೆಯದು. ಗ್ರಂಥಾಲಯ ಬೆಳೆಯುತ್ತಲೇ ಇರುವ ಜೀವ ಎಂಬುದು ಐದನೆಯದು. ಕಡೇಚೂರಿನ ಸಂಘದ ಕೋಣೆಯಲ್ಲಿ ನನಗೂ ಅಣ್ಣನ ಮಗನಿಗೂ ವಾದ ಹತ್ತಿದ್ದು ಈ ಮೂರನೆಯ ಮತ್ತು ನಾಲ್ಕನೆಯ ಸೂತ್ರಗಳ ನಡುವೆ ಎಂದು ಈಗ ಅನಿಸುತ್ತದೆ.

ಅವನು ಮಾಡಿದ್ದು ಇಷ್ಟು. ಹಳೆಯ ಯಂತ್ರಕ್ಕೆ ಹಗುರವಾಗಲೆಂದು ಮಾಟೆ ಎಂಬ ಪರದೆಯ ಏರ್ಪಾಡನ್ನು ಹಾಕಿದ. ಅದರ ಪಟ್ಟಿಯಲ್ಲಿ ನಾಲ್ಕನ್ನು ಮಾತ್ರ ಉಳಿಸಿದ: ಲೆಕ್ಕ ಬರೆಯುವುದು, ಪತ್ರ ಬರೆಯುವುದು, ಕೂಡಿ ಕಳೆಯುವುದು, ಅಂತರ್ಜಾಲ ನೋಡುವುದು. ಉಳಿದ ನಲವತ್ತು–ಐವತ್ತನ್ನು ಮರೆಮಾಡಿಬಿಟ್ಟ. ತೆಗೆದುಹಾಕಲಿಲ್ಲ, ಎಲ್ಲವೂ ಒಳಗೆ ಇದ್ದವು. ಪ್ರತಿಯೊಂದರ ಚೀಟಿಯಲ್ಲೂ 'ತೋರಿಸಬೇಡ' ಎಂಬ ಅರ್ಥದ ಒಂದು ಸಾಲು ಸೇರಿಸಿದರೆ ಆಯಿತು, ಪಟ್ಟಿಯಲ್ಲಿ ಕಾಣುವುದಿಲ್ಲ.

ಸಂಘದ ಹಿರಿಯಾಕೆಯೊಬ್ಬರು ನೋಡುತ್ತ ನಿಂತಿದ್ದರು. ಓದು ಬಾರದು, ಆದರೆ ಸಂಘದ ಯಾರು ಯಾವಾಗ ಎಷ್ಟು ಸಾಲ ತೆಗೆದರು ಎಂಬುದೆಲ್ಲ ಅವರ ಬಾಯಲ್ಲೇ ಇದೆ. ಪಟ್ಟಿಯನ್ನು ಒಂದು ಗಳಿಗೆ ನೋಡಿ ಕೇಳಿದರು:

"ತಮ್ಮಾ, ನಿನ್ನಿ ಭಾಳ ಇದ್ದುವಲ್ಲ. ಉಳಿದದ್ದು ಎಲ್ಲಿ ಹೋತು?"

"ಒಳಗ ಅವ ದೊಡ್ಡವ್ವಾ. ನಿಮಗ ಬೇಕಾಗೂದಿಲ್ಲ ಅಂತ ಮುಚ್ಚೀನಿ."

"ಬೇಕೋ ಬ್ಯಾಡೋ ನೋಡಿದ ಮ್ಯಾಲೆ ನಾ ಹೇಳ್ತೀನಲ್ಲೋ ಯಪ್ಪಾ. ನೀ ಮೊದಲ ಮುಚ್ಚಿದಿ ಅಂದ್ರ ಹ್ಯಾಂಗ?"

ಅವನು ನಕ್ಕು ಸುಮ್ಮನಾದ. ಆಕೆ ಹೋದ ಮೇಲೆ ನನ್ನ ಕಡೆ ತಿರುಗಿ, "ಅತ್ತಿ, ನೀವರ ಹೇಳ್ರಿ. ಹೊಲದಾಗ ದುಡದು, ರೊಟ್ಟಿ ಬಡದು ಬರ್ತಾರ. ಅವರ ಕಡೆ ಅರ್ಧ ತಾಸು ಇರ್ತದ. ಐವತ್ತು ಹೆಸರು ಎದುರಿಗೆ ಚೆಲ್ಲಿದರ ಅಂಜಿ ಹಿಂದ ಸರೀತಾರ. ನಾ ಅವರ ವ್ಯಾಳ್ಯಾ ಉಳಿಸ್ಲಿಕತ್ತೀನಿ" ಎಂದ.

ಅವನ ಮಾತನ್ನು ಹಗುರವಾಗಿ ತೆಗೆದುಹಾಕುವಂತಿಲ್ಲ. ಆಯ್ಕೆಗಳ ರಾಶಿಯನ್ನು ಮುಂದೆ ಸುರಿದು 'ನೀವು ಸ್ವತಂತ್ರರು' ಎಂದುಬಿಡುವುದು ಸುಲಭ. ದಣಿದು ಬಂದ ಹೆಂಗಸಿಗೆ ಅದು ಸ್ವಾತಂತ್ರ್ಯವಲ್ಲ, ಇನ್ನೊಂದು ಕೆಲಸ. 2001ರಲ್ಲಿ ಸನ್ ಮೈಕ್ರೋಸಿಸ್ಟಮ್ಸ್ ಎಂಬ ಕಂಪನಿಯವರು ಗ್ನೋಮನ್ನು ಎಂದೂ ಬಳಸದ ಕೆಲವರನ್ನು ಅದರ ಮುಂದೆ ಕೂರಿಸಿ, ಅವರು ಎಲ್ಲಿ ತಡವರಿಸುತ್ತಾರೆಂದು ನೋಡಿದ್ದರು. ಮರುವರ್ಷ ಹೊರಬಂದ ಗ್ನೋಮ್ 2 ಎಷ್ಟೋ ಆಯ್ಕೆಗಳನ್ನು ಕೈಬಿಟ್ಟು ಸರಳವಾಯಿತು. ಆ ಸರಳತೆಯಿಂದ ಬಹಳ ಜನರಿಗೆ ಉಪಕಾರವಾಯಿತು. ಸಿಟ್ಟು ಬಂದವರೂ ಇದ್ದರು. ಲಿನಕ್ಸಿನ ಮೂಲಪುರುಷ ಲೀನಸ್ ಟೋರ್ವಾಲ್ಡ್ಸ್ 2005ರಲ್ಲಿ, ಗ್ನೋಮ್‌ನವರು ಬಳಸುವವರನ್ನು ದಡ್ಡರೆಂದು ತಿಳಿದಿದ್ದಾರೆ, ಕೆಡಿಇಯನ್ನೇ ಬಳಸಿ ಎಂದು ಬಹಿರಂಗವಾಗಿ ಹೇಳಿದ. ಎರಡೂ ಕಡೆ ಅರ್ಧರ್ಧ ಸತ್ಯವಿದೆ. ಹತ್ತು ಮಕ್ಕಳಿರುವ ಮನೆಯಲ್ಲಿ ಎಲ್ಲ ಡಬ್ಬಿಗಳನ್ನೂ ನೆಲದ ಮೇಲೆ ಹರಡಿ ಕೂತರೆ ಅಡುಗೆಯಾಗುವುದಿಲ್ಲ.

ಆದರೂ, ದೂರ ಇಡುವುದು ಬೇರೆ, ಇಲ್ಲವೆನ್ನಿಸುವುದು ಬೇರೆ. ಅಟ್ಟದ ಮೇಲಿಟ್ಟ ಹಂಡೆ ದಿನಬಳಕೆಗೆ ಸಿಗದಿದ್ದರೂ, ಅದು ಅಲ್ಲಿದೆಯೆಂದು ಮನೆಯವರಿಗೆ ಗೊತ್ತಿರುತ್ತದೆ. ಮದುವೆ ಬಂದಾಗ ಇಳಿಸಿಕೊಳ್ಳುತ್ತಾರೆ. ಮರೆಮಾಡಿದ ವಸ್ತುವಿನ ಪಾಡು ಹಾಗಲ್ಲ. ಅದನ್ನು ಕೇಳಲಿಕ್ಕೂ ಬರುವುದಿಲ್ಲ. ಏನಿದೆಯೆಂದು ತಿಳಿಯದವಳು ಏನೆಂದು ಕೇಳಿಯಾಳು? ಕೇಳದೆ ಇದ್ದದ್ದನ್ನೇ ತೋರಿಸಿ 'ನೋಡಿ, ಅವರಿಗೆ ಬೇಕಾಗಿಯೇ ಇರಲಿಲ್ಲ' ಎಂದು ನಾವು ನಮ್ಮ ಬೆನ್ನು ತಟ್ಟಿಕೊಳ್ಳುತ್ತೇವೆ. ಹೆಣ್ಣುಮಕ್ಕಳ ಓದಿನ ವಿಷಯದಲ್ಲಿ, ಆಸ್ತಿಯ ವಿಷಯದಲ್ಲಿ ಈ ಮಾತನ್ನು ಎಷ್ಟು ಸಲ ಕೇಳಿಲ್ಲ? 'ಅವರೇನು ಕೇಳಿದರೇ?' ಎಂದು!

ನನ್ನ ಈ ವಾದಕ್ಕೆ ಅಣ್ಣನ ಮಗ ಜಾಣತನದ ಉತ್ತರ ಕೊಟ್ಟ. ಮುಕ್ತ ತಂತ್ರಾಂಶದಲ್ಲಿ ಈ ಭಯ ಬೇಡ ಅತ್ತಿ, ಯಾರು ಬೇಕಾದರೂ ಬದಲಿಸಿಕೊಳ್ಳಬಹುದಲ್ಲ ಎಂದ. ಅದಕ್ಕೆ ಉದಾಹರಣೆಯಾಗಿ ಅವನು ಹೇಳಿದ್ದು ಅದೇ ಮಾಟೆಯ ಕಥೆ. 2011ರಲ್ಲಿ ಗ್ನೋಮ್‌ನವರು ಮೂರನೆಯ ಆವೃತ್ತಿ ತಂದು, ಜನಕ್ಕೆ ರೂಢಿಯಾಗಿದ್ದ ಮೆನುವನ್ನೇ ತೆಗೆದುಹಾಕಿದರು. ಬದಲಿಗೆ ಪರದೆ ತುಂಬ ಚಿತ್ರಗಳು. ಅನೇಕರಿಗೆ ಇದು ಒಗ್ಗಲಿಲ್ಲ. ಅದೇ ವರ್ಷ ಅರ್ಜೆಂಟೀನದ ಒಬ್ಬ ಬಳಕೆದಾರ ಹಳೆಯ ಗ್ನೋಮ್ 2ರ ಮೂಲ ಬರಹವನ್ನೇ ತೆಗೆದುಕೊಂಡು, ಹಳೆಯ ಮೆನುವಿನ ಸಮೇತ ಅದನ್ನು ಮುಂದುವರಿಸಿದ. ತನ್ನ ನಾಡಿನ ಜನ ಚಹಾದಂತೆ ಕುಡಿಯುವ ಒಂದು ಎಲೆಯ ಹೆಸರಿನಿಂದ ಅದಕ್ಕೆ ಮಾಟೆ ಎಂದು ಹೆಸರಿಟ್ಟ. ಇವತ್ತಿಗೂ ಅದನ್ನು ಜನ ಬಳಸುತ್ತಾರೆ. ದೊಡ್ಡವರು ಡಬ್ಬಿಗಳ ಜಾಗ ಬದಲಿಸಿದರೆ, 'ನನಗೆ ಹಳೆಯದೇ ಸರಿ' ಎಂದು ಬೇರೆ ಒಲೆ ಹೂಡಲು ಅಲ್ಲಿ ಅವಕಾಶವಿದೆ. ದುಡ್ಡು ಕೊಟ್ಟು ಕೊಂಡ ತಂತ್ರಾಂಶದಲ್ಲಿ ಈ ಅವಕಾಶವಿಲ್ಲ.

ಇನ್ನೂ ಒಂದು ಮಾತು ಹೇಳಿದ, ಅದು ನನಗೆ ಬಹಳ ಹಿಡಿಸಿತು. ಪಟ್ಟಿಯ ಚೀಟಿಗಳು ಎರಡು ಕಡೆ ಇರುತ್ತವಂತೆ. ಎಲ್ಲರಿಗೂ ಸೇರಿದ್ದು ಒಂದು ಕಡೆ, ಪ್ರತಿಯೊಬ್ಬ ಬಳಕೆದಾರರ ಸ್ವಂತದ್ದು ಇನ್ನೊಂದು ಕಡೆ. ಈ ಎರಡನೆಯ ಜಾಗಕ್ಕೆ ಆ ಲೋಕದಲ್ಲಿ 'ಮನೆ' ಎಂದೇ ಹೆಸರು. ನಾನು ನನ್ನ ಮನೆಯಲ್ಲಿ ಒಂದು ಚೀಟಿ ತಿದ್ದಿಕೊಂಡರೆ, ನನ್ನ ಮಟ್ಟಿಗೆ ನನ್ನದೇ ನಡೆಯುತ್ತದೆ. ಉಳಿದವರ ಪಟ್ಟಿ ಹೇಗಿತ್ತೋ ಹಾಗೇ ಇರುತ್ತದೆ. ಅತ್ತೆಯ ಜೋಡಣೆಯನ್ನು ಕೆಡಿಸದೆ ಸೊಸೆ ತನ್ನ ಜೋಡಣೆಯಲ್ಲಿ ಅಡುಗೆ ಮಾಡಬಹುದು, ಅದೂ ಒಂದೇ ಅಡುಗೆಮನೆಯಲ್ಲಿ! ಕೂಡುಕುಟುಂಬದ ನ್ಯಾಯವನ್ನು ನಮಗಿಂತ ಚೆನ್ನಾಗಿ ಯೋಚಿಸಿದ್ದಾರಲ್ಲ ಎನಿಸಿತು.

ಆದರೆ 'ಬೇಕಾದರೆ ಬದಲಿಸಿಕೊಳ್ಳಬಹುದು' ಎಂಬ ಮಾತಿನಲ್ಲಿ ಒಂದು ಮೋಸವಿದೆ. ಅದನ್ನು ಆಡುವವರು ಬೇಕೆಂದೇ ಮಾಡಿದ ಮೋಸವಲ್ಲ. 'ನಿನ್ನನ್ನು ಯಾರು ತಡೆದರು?' ಎಂಬ ಮಾತಿನ ತಂಗಿ ಅದು. ತಡೆದವರು ಯಾರೂ ಇರುವುದಿಲ್ಲ, ನಿಜ. ಬದಲಿಸಲು ಬಿಡುವು ಬೇಕು, ಧೈರ್ಯ ಬೇಕು, ಕೆಟ್ಟರೆ ಬೈಯುವವರಿಲ್ಲ ಎಂಬ ಭರವಸೆ ಬೇಕು. ಎಲ್ಲಕ್ಕಿಂತ ಮೊದಲು, ಇದು ಬದಲಿಸಬಹುದಾದ ವಸ್ತು ಎಂಬುದೇ ತಿಳಿದಿರಬೇಕು. ಅರ್ಜೆಂಟೀನದ ಆ ಬಳಕೆದಾರನಿಗೆ ತಂತ್ರಾಂಶದ ವಿದ್ಯೆ ಇತ್ತು. ಕಡೇಚೂರಿನ ಹಿರಿಯಾಕೆಗೆ ಓದಲು ಬರುವುದಿಲ್ಲ. ಇಬ್ಬರಿಗೂ ಒಂದೇ ಹಕ್ಕು ಇದೆ ಎನ್ನುವುದು ಕಾಗದದ ಮೇಲೆ ಸರಿ. ನಡೆಯಲ್ಲಿ, ಇಟ್ಟದ್ದು ಇಟ್ಟಲ್ಲೇ ಇರುತ್ತದೆ. ಹೊಸ ಫೋನು ಕೊಂಡ ನಮ್ಮಲ್ಲಿ ಎಷ್ಟು ಜನ ಅದರ ಜೋಡಣೆಯನ್ನು ಕದಲಿಸಿದ್ದೇವೆ? ಅಂಗಡಿಯವ ಕೊಟ್ಟ ದಿನ ಹೇಗಿತ್ತೋ, ಹಾಳಾಗುವ ದಿನವೂ ಹಾಗೇ ಇರುತ್ತದೆ.

ಹಾಗಾದರೆ ಜೋಡಿಸುವವರು ಏನು ಮಾಡಬೇಕು? ನನಗೆ ತೋಚಿದ್ದು ಇಷ್ಟು. ಜೋಡಿಸುವಾಗ, ಇದನ್ನು ಯಾರೂ ಎಂದೂ ಬದಲಿಸುವುದಿಲ್ಲ ಎಂದು ತಿಳಿದು ಜೋಡಿಸಬೇಕು. ಏಕೆಂದರೆ ಹೆಚ್ಚಿನವರು ಬದಲಿಸುವುದಿಲ್ಲ. ಅವರ ಮಟ್ಟಿಗೆ ನಾವು ಇಟ್ಟದ್ದೇ ಲೋಕ. ಕೀಲಿಯನ್ನು ಬಿಟ್ಟುಕೊಡುವಾಗ ಮಾತ್ರ, ನಾಳೆಯೇ ಎಲ್ಲರೂ ಬಂದು ಬದಲಿಸುತ್ತಾರೆ ಎಂದು ತಿಳಿದು, ಎಲ್ಲರಿಗೂ ಕಾಣುವ ಗೂಟಕ್ಕೆ ತೂಗುಹಾಕಬೇಕು. ಕೀಲಿ ಬಿಟ್ಟಿದ್ದೇನೆ ಎಂಬ ನೆಪದಲ್ಲಿ ಜೋಡಣೆಯಲ್ಲಿ ಉದಾಸೀನ ಮಾಡಬಾರದು. ಚೆನ್ನಾಗಿ ಜೋಡಿಸಿದ್ದೇನೆ ಎಂಬ ಹೆಮ್ಮೆಯಲ್ಲಿ ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳಬಾರದು. ಮೊದಲನೆಯದು ಮುಕ್ತ ತಂತ್ರಾಂಶದವರಿಗೆ ಬರಬಹುದಾದ ದೋಷ, ಎರಡನೆಯದು ಅತ್ತೆಯರಿಗೆ. ಒಬ್ಬರಲ್ಲೇ ಎರಡೂ ಇರುವುದುಂಟು.

ಆ ಸಂಜೆ ನಾವು ಕೂತು ಪಟ್ಟಿಯನ್ನು ಹೊಸದಾಗಿ ಮಾಡಿದೆವು. ಅವನ ನಾಲ್ಕು ಹಾಗೆಯೇ ಮೇಲೆ ಉಳಿದವು, ಏಕೆಂದರೆ ಸಮಯದ ಮಾತು ಸರಿಯಾಗಿತ್ತು. ಅವುಗಳ ಕೆಳಗೆ ಒಂದು ಗೆರೆ. ಗೆರೆಯ ಕೆಳಗೆ ಉಳಿದದ್ದೆಲ್ಲ, ಗುಂಪು ಗುಂಪಾಗಿ. ಅದಕ್ಕೆ 'ಇತರೆ' ಎಂದು ಬರೆಯಲು ನಾನು ಬಿಡಲಿಲ್ಲ. 'ಇನ್ನೂ ಅವ' ಎಂದು ನಮ್ಮ ಆಡುಮಾತಿನಲ್ಲೇ ಬರೆಸಿದೆ. 'ಅನ್ವಯಗಳು' ಎಂಬುದರ ಬದಲು ಏನು ಬರೆಯಬೇಕೆಂಬುದರ ಮೇಲೆ ಬಹಳ ಹೊತ್ತು ಚರ್ಚೆ ನಡೆದು, ಕೊನೆಗೆ ಹೆಂಗಸರೇ 'ಕೆಲಸಗಳು' ಎಂದರು. ವ್ಯಾಕರಣದ ಮಟ್ಟಿಗೆ ನನಗೆ ಪೂರ್ತಿ ಸಮಾಧಾನವಿರಲಿಲ್ಲ. ಆದರೆ ಬಳಸುವವರು ಅವರು.

ಮರುದಿನ ಹಿರಿಯಾಕೆ ಮಧ್ಯಾಹ್ನವಿಡೀ ಕುಳಿತು, ಗೆರೆಯ ಕೆಳಗಿನ ಒಂದೊಂದನ್ನೂ ಹುಡುಗಿಯೊಬ್ಬಳಿಂದ ಓದಿಸಿದರು, ತೆರೆಸಿ ನೋಡಿದರು. ಚಿತ್ರ ಬರೆಯುವುದು, ಹಾಡು ಕೇಳುವುದು, ನಕ್ಷತ್ರ ತೋರಿಸುವುದು, ಬೆರಳಚ್ಚು ಕಲಿಸುವುದು. ಎಲ್ಲ ಮುಗಿದ ಮೇಲೆ ಎದ್ದು ಸೆರಗು ಕೊಡವಿಕೊಂಡು, "ಸಾಕು. ಇಷ್ಟು ಅದ ಅಂತ ಗೊತ್ತಾತಲ್ಲ" ಎಂದು ಮನೆಗೆ ನಡೆದರು. ಮತ್ತೆ ಆಕೆ ಅದರಲ್ಲಿ ಯಾವುದನ್ನೂ ತೆರೆಸಿದ್ದನ್ನು ನಾನು ಕೇಳಿಲ್ಲ. ಸಂಘದ ಉಳಿದವರಿಗೂ ಮೇಲಿನ ನಾಲ್ಕೇ ಸಾಕಾಗುತ್ತಿವೆಯಂತೆ. ಅಣ್ಣನ ಮಗ ಫೋನಿನಲ್ಲಿ, "ನೋಡ್ರಿ ಅತ್ತಿ, ನಾ ಹೇಳಿದ್ದು ಖರೇ ಆತಿಲ್ಲೋ?" ಎಂದು ಛೇಡಿಸುತ್ತಾನೆ. ಅವನು ಹೇಳಿದ್ದು ನಿಜವಾದರೂ ನಾವು ಮಾಡಿದ್ದು ದಂಡವಾಗಲಿಲ್ಲ. ಬೇಡವೆಂದು ಬಿಡುವುದಕ್ಕೂ ಮೊದಲು ಇದೆಯೆಂದು ಕಾಣಬೇಕು. ತೆರೆಯದೆ ಉಳಿದ ಬಾಗಿಲೂ ಬಾಗಿಲೇ, ಗೋಡೆಯಲ್ಲ.

ಕಂಪ್ಯೂಟರಿನ ಮಾತು ನಮಗೇಕೆ ಎಂದು ನಿಮ್ಮಲ್ಲಿ ಕೆಲವರಿಗೆ ಅನಿಸಿರಬಹುದು. ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ವಾರ ನಮ್ಮ ಮನೆಗಳಲ್ಲಿ ನಡೆಯುವುದನ್ನು ನೆನಪಿಸಿಕೊಳ್ಳಿ. ಮಗಳನ್ನು ಎದುರಿಗೆ ಕೂರಿಸಿಕೊಂಡು, "ನಿನ್ನಿಷ್ಟವಮ್ಮಾ, ನಿನಗೆ ಯಾವುದು ಬೇಕೋ ಅದನ್ನು ತಗೋ" ಎನ್ನುತ್ತೇವೆ. ಊರಲ್ಲೇ ಇರುವ ಕಾಲೇಜು, ಬೇಗ ಮುಗಿಯುವ ಕೋರ್ಸು, ಸಂಜೆಯೊಳಗೆ ಮನೆ ಸೇರಬಹುದಾದ ನೌಕರಿ, ಹೀಗೆ ಮೂರೋ ನಾಲ್ಕೋ ಹೆಸರು ಹೇಳುತ್ತೇವೆ. ಅವಳು ಒಂದನ್ನು ಆರಿಸುತ್ತಾಳೆ. ಆರಿಸಿದ್ದು ಅವಳೇ ಎಂದು ನಾವೂ ನಂಬುತ್ತೇವೆ, ಅವಳೂ ನಂಬುತ್ತಾಳೆ. ಆ ನಾಲ್ಕರ ಕೆಳಗೆ ಒಂದು ಗೆರೆ ಎಳೆದು, 'ಇನ್ನೂ ಅವ' ಎಂದು ಬರೆದು, ಅವಳ ಪಕ್ಕದಲ್ಲಿ ಒಂದು ಮಧ್ಯಾಹ್ನ ಕೂರಲು ನಮಗೆ ಬಿಡುವಾದೀತೇ?